ಎರಡನೇ ಹಾಳೆ

ಮೂಡಲಪಾಳ್ಯದಲ್ಲಿ ಅಕ್ಕಯ್ಯಮ್ಮನವರ ಮನೆಯ ತಾರಸಿ ಮೇಲಿನ ಒಂಟಿ ಕೋಣೆಗೆ ವಿಜಯಶ್ರೀ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಊರು ಗದಗದ ಕಡೆ ರೋಣ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಯುಪಿಎಸ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡುವುದು ಅವಳ ಕೆಲಸ. ಒಂದು ಬೋರ್ಡಿಗೆ ಹನ್ನೊಂದು ಜಾಗ. ಆರು ವರ್ಷದಿಂದ ಅದೇ ಹನ್ನೊಂದು ಜಾಗ. ಅವಳ ಕೈ ದಾಟಿದ ಬೋರ್ಡು ಪಕ್ಕದ ಮೇಜಿಗೆ ಹೋಗುತ್ತಿತ್ತು; ಕೊನೆಗೆ ಅದು ಯಾರ ಮನೆಯಲ್ಲಿ ದೀಪ ಉರಿಸುತ್ತದೋ ಅವಳಿಗೆ ತಿಳಿಯುತ್ತಿರಲಿಲ್ಲ. ಕೆಳಗಿನ ಮನೆಯವರಿಗೂ ಅವಳು ಬಹುಮಟ್ಟಿಗೆ 'ಮೇಲಿನವಳು' ಆಗಿದ್ದಳು, ಅಷ್ಟೆ.

೨೦೦೫ರ ಬೇಸಿಗೆಯಲ್ಲಿ ಇದು ಬದಲಾಯಿತು. ಅಕ್ಕಯ್ಯಮ್ಮನ ಮೊಮ್ಮಗ, ಸಿಮೆಂಟ್ ಅಂಗಡಿ ನಡೆಸುವ ಯೋಗಾನಂದನ ಹತ್ತಿರ ಒಂದು ವಿಡಿಯೋ ಗೇಮ್ ಕನ್ಸೋಲ್ ಇತ್ತು. ಸ್ನೇಹಿತನೊಬ್ಬ ಸಿಂಗಪುರದಿಂದ ತಂದುಕೊಟ್ಟದ್ದು. ಅದರ ಜೊತೆ ಬಂದ ಆಟ ಎರಡೇ ಎರಡು. ಊರಿನಲ್ಲಿ ಸಿಗುತ್ತಿದ್ದ ನಕಲು ಸಿಡಿಗಳನ್ನು ಹಾಕಿದರೆ ಟಿವಿ ಮೇಲೆ ಕೆಂಪು ಪರದೆ ಬಂದು ನಿಲ್ಲುತ್ತಿತ್ತು. ಯೋಗಾನಂದನ ತಂಗಿ ರಮ್ಯಶ್ರೀ ಸ್ಕೂಟಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಗಲೆಲ್ಲ ಸೋಫಾದ ಮೇಲಿರುತ್ತಿದ್ದಳು. ಆ ಎರಡು ಆಟಗಳನ್ನು ಆಡಿ ಆಡಿ ಅವಳಿಗೆ ಸಾಕಾಗಿಹೋಗಿತ್ತು.

"ಒಳಗೆ ಒಂದು ಚಿಪ್ ಹಾಕಿಸಿದ್ರೆ ಎಲ್ಲಾ ಸಿಡಿನೂ ಓಡುತ್ತೆ ಕಣೇ," ಎಂದು ಯೋಗಾನಂದ ಒಂದು ದಿನ ತಂಗಿಗೆ ಹೇಳುತ್ತಿದ್ದ. "ಆದ್ರೆ ಅಂಗಡಿಯವ್ನು ಒಂದು ವಾರ ಬಿಟ್ಟೋಗಿ ಅಂತಾನೆ. ಒಳಗಿರೋದನ್ನ ಬದಲಾಯಿಸಿಬಿಟ್ರೆ?"

ನೀರಿನ ಮೋಟಾರ್ ಹಾಕಿ ಎಂದು ಹೇಳಲು ಕೆಳಗೆ ಬಂದಿದ್ದ ವಿಜಯಶ್ರೀ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು.

"ಚಿಪ್ ತಂದ್ರ ನಾ ಹಚ್ಚಿ ಕೊಡ್ತೀನ್ರಿ," ಎಂದಳು. "ನಮ್ಮ ಕೆಲಸಾನ ಅದೈತಿ."

ಯೋಗಾನಂದ ಚಿಪ್ ತಂದ. ಉಗುರಿನಷ್ಟು ಅಗಲ. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ಎರಡು ಹಾಳೆಗಳೂ ಇದ್ದವು. ಮೊದಲ ಹಾಳೆಯಲ್ಲಿ ಯಾವ ತಂತಿ ಎಲ್ಲಿಗೆ ಎಂಬ ಚಿತ್ರ. ಎರಡನೆಯದರಲ್ಲಿ ಒತ್ತೊತ್ತಾದ ಇಂಗ್ಲಿಷು. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಕನ್ಸೋಲ್ ಬಿಚ್ಚುವ ಮುಂಚೆ ವಿಜಯಶ್ರೀ ಆ ಎರಡನೇ ಹಾಳೆಯನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು. ಆಮೇಲೆ ಪೆಟ್ಟಿಗೆಯನ್ನು ಮಗುಚಿ ತಳದಲ್ಲಿದ್ದ ನಂಬರ್ ನೋಡಿದಳು.

"ಇಲ್ಲಿ ನೋಡ್ರಿ. ಈ ನಂಬರಿನ ಪೆಟ್ಟಿಗಿಗೆ ಈ ಚಿಪ್ ಹಾಕಬ್ಯಾಡ್ರಿ ಅಂತ ಬರದಾರ. ಸಿಡಿ ಓದೂ ಲೆನ್ಸಿನ ಕಾಯಿಲ್ ಸುಡತೈತಂತ."

ಯೋಗಾನಂದ ಹಾಳೆಯನ್ನು ನೋಡಲೂ ಇಲ್ಲ. "ಇಂಟರ್ನೆಟ್‌ನಲ್ಲಿ ನೂರು ಬರೀತಾರೆ ವಿಜಯಕ್ಕ. ಎಲ್ರೂ ಇದನ್ನೇ ಹಾಕಿಸ್ಕೊಂಡಿರೋದು. ನಿಮಗೆ ಆಗಲ್ಲ ಅಂದ್ರೆ ಹೇಳಿ, ಬಿಟ್ಬಿಡೋಣ."

ಆ ಕೊನೆಯ ಮಾತು ಅವಳಿಗೆ ನಾಟಿತು. ಅವಳು ಸೋಲ್ಡರಿಂಗ್ ಐರನ್ ಕಾಯಲು ಇಟ್ಟಳು.

ತಲೆಗೂದಲಿಗಿಂತ ಸ್ವಲ್ಪ ದಪ್ಪ ಇದ್ದ ತಂತಿಗಳು. ಇಪ್ಪತ್ತೊಂದು ಜಾಗ. ಕೆಲವು ಎಷ್ಟು ಹತ್ತಿರ ಇದ್ದವೆಂದರೆ ಸೀಸ ಒಂದು ಸಾಸಿವೆಯಷ್ಟು ಹೆಚ್ಚಾದರೂ ಪಕ್ಕದ್ದಕ್ಕೆ ಅಂಟುತ್ತಿತ್ತು. ರಮ್ಯಶ್ರೀ ಅಜ್ಜಿಯ ಭೂತಗನ್ನಡಿ ಹಿಡಿದುಕೊಂಡು ಕೂತಳು. ಮೂರು ಗಂಟೆ ಹಿಡಿಯಿತು. ಪೆಟ್ಟಿಗೆ ಮುಚ್ಚಿ, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿದ್ದ ನಕಲು ಸಿಡಿ ಹಾಕಿದರು. ಕಪ್ಪು ಪರದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಿವಿಯಲ್ಲಿ ಒಂದು ಕೆಂಪು ಕಾರು ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬಂತು.

ಆರು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಕೈಕೆಲಸ ತನ್ನ ಕಣ್ಣೆದುರೇ ಜೀವ ತಳೆದದ್ದನ್ನು ವಿಜಯಶ್ರೀ ನೋಡಿದಳು. ಅಂದು ಮಧ್ಯಾಹ್ನ ಅಕ್ಕಯ್ಯಮ್ಮ ಅವಳನ್ನು ಊಟಕ್ಕೆ ಕೂರಿಸಿಕೊಂಡು, ಮುದ್ದೆಯ ಮೇಲೆ ತಾವೇ ಸಾರು ಬಡಿಸಿದರು.

ಸುದ್ದಿ ಹರಡಿತು. ಮುಂದಿನ ಎರಡು ತಿಂಗಳಲ್ಲಿ ಅವಳು ಇನ್ನೂ ಎರಡು ಕನ್ಸೋಲ್‌ಗಳಿಗೆ ಚಿಪ್ ಹಾಕಿದಳು. ಒಂದು, ಎದುರು ರಸ್ತೆಯ ಚಕ್ರಪಾಣಿ ಮೇಷ್ಟ್ರದ್ದು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಬ್ಬರೇ ಇರುವವರು, ಟಿವಿಯಲ್ಲಿ ಕ್ರಿಕೆಟ್ ಆಡುತ್ತಾ ಮಧ್ಯಾಹ್ನ ಕಳೆಯುವವರು. ಇನ್ನೊಂದು ಪಟ್ಟೆಗಾರಪಾಳ್ಯದ ನರಸಮ್ಮನದು. ಗಂಡ ತೀರಿಕೊಂಡ ಮೇಲೆ ಆಕೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಟಿವಿ, ಒಂದು ಕನ್ಸೋಲ್ ಇಟ್ಟು, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿಗೆ ಗಂಟೆ ಲೆಕ್ಕದಲ್ಲಿ ಆಡಲು ಬಿಡುತ್ತಿದ್ದರು. ಎರಡೂ ಸಲ ವಿಜಯಶ್ರೀ ತಳದ ನಂಬರ್ ನೋಡಿದ್ದಳು. ಎರಡೂ ಆ ಹಾಳೆಯ ಪಟ್ಟಿಯಲ್ಲಿದ್ದ ನಂಬರುಗಳೇ. ಯೋಗಾನಂದನದು ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಎಲ್ಲಕ್ಕಿಂತ ಹೆಚ್ಚಾಗಿ, ಜನ ತನ್ನನ್ನು ಹುಡುಕಿಕೊಂಡು ಬರುವ ಈ ಭಾನುವಾರಗಳನ್ನು ಕಳೆದುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಆಗಸ್ಟ್‌ನಲ್ಲಿ ಒಂದು ಸಂಜೆ ನರಸಮ್ಮ ತರಕಾರಿ ಬುಟ್ಟಿಯಲ್ಲಿ ಕನ್ಸೋಲ್ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು.

"ಮಕ್ಳು ಆಡ್ತಾ ಇದ್ದಂಗೆ ನಿಂತೋಯ್ತಮ್ಮ. ಏನೋ ಸುಟ್ಟ ವಾಸನೆ ಬಂತು. ನೋಡು ಸ್ವಲ್ಪ."

ವಿಜಯಶ್ರೀ ಅಲ್ಲೇ ಬಿಚ್ಚಿದಳು. ಅವಳು ಹಾಕಿದ ಇಪ್ಪತ್ತೊಂದು ಬೆಸುಗೆಗಳೂ ಹೊಳೆಯುತ್ತಿದ್ದವು, ಒಂದೂ ಅಲ್ಲಾಡಿರಲಿಲ್ಲ. ಲೆನ್ಸಿನ ಪಕ್ಕದ ಕಾಯಿಲ್ ಮಾತ್ರ ಸುಟ್ಟು ಕಪ್ಪಾಗಿತ್ತು. ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದಳು. ಅಂಗಡಿಯವನು ಹೊಸ ಲೆನ್ಸ್ ಕೂರಿಸಿ ಚಾಲೂ ಮಾಡಿದ. ಹತ್ತು ನಿಮಿಷದಲ್ಲಿ ಅದೂ ಸುಟ್ಟಿತು. "ಬೋರ್ಡೇ ಹೋಗೈತೆ ಅಕ್ಕ, ಇದು ಮುಗೀತು," ಎಂದ.

ಪಟ್ಟೆಗಾರಪಾಳ್ಯಕ್ಕೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಒಂದೊಂದು ಸುಳ್ಳನ್ನು ಜೋಡಿಸಿದಳು. ಕರೆಂಟು ಹೆಚ್ಚುಕಮ್ಮಿ ಆಗಿರಬಹುದು. ಮಕ್ಕಳು ಬೀಳಿಸಿರಬಹುದು. ನರಸಮ್ಮನ ಕೋಣೆಯಲ್ಲಿ ಮೂರು ಮಕ್ಕಳು ಚೀಲ ಬೆನ್ನಿಗೇರಿಸಿಕೊಂಡೇ ಕಾಯುತ್ತಿದ್ದರು. ಅವರನ್ನು ನೋಡಿದ ಮೇಲೆ ಯಾವ ಸುಳ್ಳೂ ಬಾಯಿಗೆ ಬರಲಿಲ್ಲ.

"ಹಿಂಗ ಆಗಬಹುದು ಅಂತ ಹಾಳ್ಯಾಗ ಬರದಿತ್ರಿ ನರಸಮ್ಮಾರ. ನಾ ಓದಿದ್ದೆ. ನಿಮಗ ಹೇಳಲಿಲ್ಲ."

ನರಸಮ್ಮ ಅವಳ ಕೈಯಲ್ಲಿದ್ದ ಕನ್ಸೋಲ್ ನೋಡಿದರು. "ಗೊತ್ತಿದ್ದೂ ಮಾಡಿದ್ಯಾ?"

"ಹೌದ್ರಿ."

ಬೈಗುಳ ಬರುತ್ತದೆ ಎಂದು ಅವಳು ಕಾದಳು. ನರಸಮ್ಮ ಮಕ್ಕಳ ಕಡೆ ತಿರುಗಿ, "ಇವತ್ತು ಇಲ್ಲ ಕಣ್ರಪ್ಪ, ಹೋಗಿ," ಎಂದರು. ಆಮೇಲೆ ಹಳೆಯ ಸೀರೆಯೊಂದನ್ನು ತಂದು ಟಿವಿಗೆ ಹೊದಿಸತೊಡಗಿದರು. ವಿಜಯಶ್ರೀ ಚಪ್ಪಲಿ ಹಾಕಿಕೊಂಡು ಹೊರಬಿದ್ದಳು.

ಉಳಿದದ್ದು ಎರಡು. ಅಲ್ಲಿಂದ ನೇರವಾಗಿ ಚಕ್ರಪಾಣಿ ಮೇಷ್ಟ್ರ ಮನೆಗೆ ಹೋಗಿ, ಚಿಪ್ ತೆಗೆದುಬಿಡುತ್ತೇನೆ, ಪೆಟ್ಟಿಗೆಯಾದರೂ ಉಳಿಯುತ್ತದೆ ಎಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎಲ್ಲವನ್ನೂ ಕೇಳಿದರು.

"ತೆಗೆದ್ರೆ ಕ್ರಿಕೆಟ್ ಓಡಲ್ಲ ಅಲ್ವೇನಮ್ಮ?"

"ಓಡಂಗಿಲ್ರಿ."

"ಹಾಗಾದ್ರೆ ಇರ್ಲಿ ಬಿಡು. ಓಡೋ ತನಕ ಆಡ್ತೀನಿ. ಈಗ ಗೊತ್ತಾಯ್ತಲ್ಲ, ಸುಟ್ಟ ದಿನ ನಿನ್ನ ಕೇಳಲ್ಲ."

ಮನೆಗೆ ಬಂದಾಗ ಯೋಗಾನಂದ ಸಿಮೆಂಟ್ ಅಂಗಡಿ ಮುಗಿಸಿ ಬಂದು ಆಡುತ್ತಾ ಕೂತಿದ್ದ. ರಮ್ಯಶ್ರೀ ಪಕ್ಕದಲ್ಲಿದ್ದಳು, ಪ್ಲಾಸ್ಟರ್ ಬಿಚ್ಚಿದ ಕಾಲನ್ನು ಮಣೆಯ ಮೇಲೆ ಚಾಚಿದ್ದಳು. ವಿಜಯಶ್ರೀ ನಿಂತೇ ವಿಷಯ ಹೇಳಿದಳು.

"ನರಸಮ್ಮನ ಬಾಕ್ಸು ದಿನಾ ಆರು ಗಂಟೆ ಓಡ್ತಿತ್ತು, ಹೋಯ್ತು," ಎಂದ ಯೋಗಾನಂದ, ಟಿವಿಯಿಂದ ಕಣ್ಣು ತೆಗೆಯದೆ. "ಇಲ್ಲಾ, ನಿಮ್ಮ ಸೋಲ್ಡರಿಂಗೇ ಸರಿ ಇರ್ಲಿಲ್ವೇನೋ. ಎಷ್ಟಾದ್ರೂ ಅಲ್ಲಿ ಫ್ಯಾಕ್ಟರಿಲಿ ಮಾಡೋ ಕೆಲಸವೇ ಬೇರೆ."

"ಬೆಸುಗಿ ಸರಿ ಅದಾವ್ರಿ. ಅವತ್ತ ನಾ ನಿಮಗ ಹಾಳಿ ತೋರಿಸಿದ್ದೆ."

"ಯಾವ ಹಾಳೆ?"

ವಿಜಯಶ್ರೀ ರಮ್ಯಶ್ರೀಯ ಕಡೆ ನೋಡಿದಳು. ಅವತ್ತು ಭೂತಗನ್ನಡಿ ಹಿಡಿದು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದವಳು ಈಗ ಮಂಡಿಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತಾ ತಲೆ ತಗ್ಗಿಸಿದಳು.

"ನಂದನ್ನ ಮುಟ್ಟೋದು ಬೇಡ," ಎಂದ ಯೋಗಾನಂದ. "ಚೆನ್ನಾಗಿ ಓಡ್ತಾ ಇದೆ."

ಎರಡು ದಿನ ಬಿಟ್ಟು, ಅಣ್ಣ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ, ರಮ್ಯಶ್ರೀ ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಗೆ ಬಂದಳು. ಕನ್ಸೋಲನ್ನು ಟವೆಲ್‌ನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು.

"ಬಿಚ್ಚಿ ಚಿಪ್ ತೆಗೆದ್ಬಿಡಿ ವಿಜಯಕ್ಕ. ಚಿಪ್ ತಾನಾಗೇ ಕೆಟ್ಟೋಯ್ತು ಅಂತ ಅಣ್ಣಂಗೆ ಹೇಳ್ತೀನಿ. ಸಿಡಿ ಓಡದಿದ್ರೂ ಪರವಾಗಿಲ್ಲ, ಬಾಕ್ಸ್ ಉಳೀಲಿ."

ವಿಜಯಶ್ರೀಯ ಕೈ ಅರಿವಿಲ್ಲದೆಯೇ ಸ್ಕ್ರೂಡ್ರೈವರ್ ಕಡೆ ಹೋಯಿತು. ಅರ್ಧ ಗಂಟೆಯ ಕೆಲಸ. ಇಪ್ಪತ್ತೊಂದು ತಂತಿ ಬಿಡಿಸಿದರೆ ಮುಗಿಯಿತು. ಆದರೆ ಅವಳು ಕೈ ಹಿಂದೆಗೆದುಕೊಂಡಳು.

"ನಿಮ್ಮಣ್ಣ ಬ್ಯಾಡ ಅಂದಾರ, ರಮ್ಯಾ."

"ಅವನಿಗೇನು ಗೊತ್ತಾಗುತ್ತೆ?"

"ನರಸಮ್ಮಗೂ ಗೊತ್ತಿರಲಿಲ್ಲ. ಮಾಲಕರಿಗೆ ಗೊತ್ತಿಲ್ದಂಗ ಮತ್ತ ಒಳಗ ಕೈ ಹಾಕೂದು ನನ್ನಿಂದ ಆಗೂದಿಲ್ಲ. ನೀ ಅವತ್ತ ಕೇಳಿದ್ದನ್ನ ಅಣ್ಣಗ ಹೇಳು. ಅವರು ಹೂಂ ಅಂದ್ರ ಈಗಿಂದೀಗ ತಗೀತೀನಿ."

ರಮ್ಯಶ್ರೀಯ ಮುಖ ಕೆಂಪಾಯಿತು. "ಹೇಳಿದ್ರೆ ನನ್ನ ಬೈತಾನೆ," ಎಂದಳು ಸಣ್ಣ ದನಿಯಲ್ಲಿ. ಬಂದಷ್ಟೇ ನಿಧಾನವಾಗಿ ಇಳಿದುಹೋದಳು. ಅವಳು ಹೇಳಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ, ಮನೆಗೆ ನೆಂಟರು ಬಂದಿದ್ದಾಗ, ಎಲ್ಲರೂ ಆಡುತ್ತಿರುವಾಗಲೇ ಯೋಗಾನಂದನ ಕನ್ಸೋಲ್ ನಿಂತಿತು. ಅದೇ ವಾಸನೆ ಮೆಟ್ಟಿಲವರೆಗೂ ಬಂತು. ಯೋಗಾನಂದ ಮೇಲೆ ಬರಲಿಲ್ಲ, ಕೂಗಾಡಲೂ ಇಲ್ಲ. ಹಬ್ಬ ಕಳೆದ ಮೇಲೆ ಅಕ್ಕಯ್ಯಮ್ಮ ಬಂದು, ಊರಿಂದ ಸಂಬಂಧಿಕರ ಹುಡುಗ ಓದೋಕೆ ಬರ್ತಾನಂತೆ, ಕೋಣೆ ಬೇಕಾಗುತ್ತೆ ಎಂದರು. ಹಾಗೆ ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ವಿಜಯಶ್ರೀ ಸುಂಕದಕಟ್ಟೆಯಲ್ಲಿ ಕಾರ್ಖಾನೆಯ ಗೆಳತಿಯೊಬ್ಬಳ ಜೊತೆ ಇರಲು ಒಪ್ಪಿಕೊಂಡಳು.

ಸಾಮಾನು ಒಂದು ಲಗೇಜ್ ಆಟೋಗಿಂತ ಹೆಚ್ಚಿರಲಿಲ್ಲ. ರಮ್ಯಶ್ರೀ ತಾನಾಗಿಯೇ ಬಂದು ಪಾತ್ರೆ ಚೀಲ ಎತ್ತಿಕೊಂಡಳು. ಇನ್ನೂ ಸ್ವಲ್ಪ ಕುಂಟುತ್ತಿದ್ದಳು. ಗೇಟಿನ ಹತ್ತಿರ ಅದನ್ನು ಆಟೋದೊಳಗೆ ಇಟ್ಟು, ಕೈ ಒರೆಸಿಕೊಳ್ಳುತ್ತಾ ಕೇಳಿದಳು:

"ಅವತ್ತು ನೀವು ಚಿಪ್ ತೆಗ್ದಿದ್ರೆ ಅದು ಉಳೀತಿತ್ತು ಅಲ್ವಾ?"

"ಉಳೀತಿತ್ತು," ಎಂದಳು ವಿಜಯಶ್ರೀ.

ರಮ್ಯಶ್ರೀ ತಲೆಯಾಡಿಸಿದಳು. ಅಷ್ಟರಲ್ಲಿ ಒಳಗಿಂದ ಅಜ್ಜಿ ಕರೆದರು, ಅವಳು ಹೋದಳು. ಡ್ರೈವರ್ ಹಗ್ಗ ಬಿಗಿದು ಸೀಟಿಗೆ ಬಂದ. ವಿಜಯಶ್ರೀ ಅವನ ಪಕ್ಕದ ಇಕ್ಕಟ್ಟಿನಲ್ಲಿ ಕೂತು, ಮಾಗಡಿ ರಸ್ತೆಗೆ ಹೋಗಲು ಹೇಳಿ, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: ಮೊದಲು ಪಟ್ಟೆಗಾರಪಾಳ್ಯದ ಕಡೆ ತಿರುಗಿಸಿ, ಅಲ್ಲಿ ನರಸಮ್ಮನವರನ್ನು ಮಾತಾಡಿಸಬೇಕು.