ಹದಿನೇಳನೇ ಕಂತು

ನಾನು ಒಂದು ಪುಸ್ತಕ. ಹೀಗೆ ಹೇಳಿಕೊಳ್ಳುವಾಗಲೆಲ್ಲ ಯಾರಾದರೂ ಅಲ್ಲವೆಂದುಬಿಟ್ಟಾರು ಎಂಬ ಅಂಜಿಕೆ ನನಗೆ. ಉಳಿದ ಪುಸ್ತಕಗಳ ಹಾಗೆ ನಾನು ಅಚ್ಚುಕೂಟದಿಂದ ಇಡಿಯಾಗಿ ಹೊರಬಂದದ್ದಲ್ಲ. ವಾರಪತ್ರಿಕೆಯೊಂದರ ಧಾರಾವಾಹಿಯಾಗಿ, ವಾರಕ್ಕೆ ಎರಡು ಹಾಳೆಯಂತೆ, ಮೂವತ್ತೊಂದು ವಾರ ಹುಟ್ಟಿದೆ. ನನ್ನ ಕೊನೆಯ ಹಾಳೆ ಬರುವ ಹೊತ್ತಿಗೆ ಮೊದಲನೆಯದು ಆಗಲೇ ಹಳದಿಗೆ ತಿರುಗಿತ್ತು. ನನಗೆ ವಯಸ್ಸು ಎಷ್ಟೆಂದು ಕೇಳಿದರೆ ಯಾವ ಹಾಳೆಯಿಂದ ಲೆಕ್ಕ ಹಿಡಿಯಬೇಕೋ ಗೊತ್ತಾಗುವುದಿಲ್ಲ.

ನನ್ನನ್ನು ಸೇರಿಸಿದವರು ಸರ್ವಮಂಗಳಮ್ಮ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆ. ಆಗ ಅವರಿಗೆ ಇಪ್ಪತ್ತಾರು ವರ್ಷ, ಎರಡು ಸಣ್ಣ ಮಕ್ಕಳು. ಪಾರ್ಸಲ್ ಆಫೀಸಿನಲ್ಲಿದ್ದ ಗಂಡ ಗುರುಬಸಪ್ಪನವರು ಗುರುವಾರ ಸಂಜೆ ಸ್ಟೇಷನ್ ಅಂಗಡಿಯಿಂದ ಪತ್ರಿಕೆ ತರುತ್ತಿದ್ದರು. ಸರ್ವಮಂಗಳಮ್ಮ ಕಥೆಯನ್ನು ಎರಡು ಸಲ ಓದಿ, ಬ್ಲೇಡಿನಿಂದ ಹಾಳೆಗಳನ್ನು ಬಿಡಿಸಿ, ಹಾಸಿಗೆಯ ಕೆಳಗೆ ಇಡುತ್ತಿದ್ದರು. ಕಥೆಯ ನಾಯಕಿ ಕುಮುದ. ಮೇಷ್ಟರ ಮಗಳು, ದೊಡ್ಡ ಮನೆಗೆ ಸೊಸೆಯಾಗಿ ಬಂದವಳು.

ನನ್ನ ಪ್ರತಿ ಹಾಳೆಯ ಬೆನ್ನಿಗೂ ಬೇರೆ ಏನಾದರೊಂದು ಇದೆ. ಕುಮುದ ಅಳುವ ಪುಟದ ಹಿಂದೆ ಕೂದಲೆಣ್ಣೆಯ ಜಾಹೀರಾತು. ಅವಳ ಮದುವೆಯ ಪುಟದ ಹಿಂದೆ ಹೊಸರುಚಿ. ಪಕ್ಕದ ಮನೆಯ ರುದ್ರಾಣಮ್ಮ ಬಾಗಿಲಲ್ಲೇ ನಿಂತು ಕೇಳಿದ್ದು ನೆನಪಿದೆ.

"ಮಂಗಳ, ಆ ಹಾಲುಬಾಯಿ ಮಾಡೋದು ಬಂದಿತ್ತಲ್ಲ, ಆ ಹಾಳೆ ಕೊಡೆ."

"ಕೊಡಲ್ಲ ರುದ್ರಾಣಮ್ಮ. ಕೊಟ್ರೆ ಕುಮುದನ ಮದುವೆ ನಿಮ್ಮ ಒಲೆಗೆ ಹೋಗುತ್ತೆ. ಇಲ್ಲೇ ಕೂತ್ಕೊಂಡು ಬರ್ಕೊಳಿ."

ಹದಿನಾರು ಕಂತು ಹೀಗೆ ಸೇರಿದವು. ಹದಿನೇಳನೆಯದು ಬಂದ ವಾರ ಸರ್ವಮಂಗಳಮ್ಮ ಒಬ್ಬರೇ ಚಿಕ್ಕಜಾಜೂರಿಗೆ ಹೊರಟರು. ರಜೆಗೆಂದು ತವರಿನಲ್ಲಿ ಬಿಟ್ಟಿದ್ದ ಮಕ್ಕಳನ್ನು ಕರೆತರಬೇಕಿತ್ತು. ಬೆಳಗಿನ ಗಾಡಿಗೆ ಗುರುಬಸಪ್ಪನವರೇ ಹತ್ತಿಸಿದರು. ದಾರಿಗೆ ಓದಲು ಇರಲೆಂದು ಸರ್ವಮಂಗಳಮ್ಮ ಹೊಸ ಪತ್ರಿಕೆಯನ್ನು ಕೈಚೀಲದಲ್ಲಿ ಇಟ್ಟುಕೊಂಡರು.

ಪತ್ರಿಕೆ ವಾಪಸು ಬರಲಿಲ್ಲ.

ಅಕ್ಕನನ್ನೂ ಮಕ್ಕಳನ್ನೂ ಬಿಡಲು ಬಂದ ತಮ್ಮ, ಊಟಕ್ಕೆ ಕೂತಾಗ ಭಾವನಿಗೆ ಹೇಳಿದ. "ಅವತ್ತು ನಾನು ಸ್ಟೇಷನ್ನಿಗೆ ಹೋಗಿ ಕಾದಿದ್ದೇ ಬಂತು. ಅಕ್ಕ ಆ ಗಾಡೀಲಿ ಬರಲೇ ಇಲ್ಲ. ಮುಂದಿನ ಗಾಡೀಲಿ ಇಳಿದ್ಲು."

"ನಾನೇ ಹತ್ತಿಸಿದ್ನಲ್ಲ," ಎಂದರು ಗುರುಬಸಪ್ಪನವರು.

"ಮಧ್ಯದಲ್ಲಿ ಇಂಜಿನ್ ಕೆಟ್ಟೋಯ್ತು," ಎಂದರು ಸರ್ವಮಂಗಳಮ್ಮ, ಸಾರು ಬಡಿಸುತ್ತ. "ಎಲ್ಲರನ್ನೂ ಇಳಿಸಿ ಬೇರೆ ಗಾಡಿಗೆ ಹತ್ತಿಸಿದ್ರು. ಆ ಗಲಾಟೇಲಿ ಪತ್ರಿಕೇನೂ ಬಿಟ್ಟುಬಂದೆ."

ಗುರುಬಸಪ್ಪನವರು, "ನಮ್ಮ ಆಫೀಸಲ್ಲಿ ಯಾರೂ ಹೇಳಲೇ ಇಲ್ಲ," ಎಂದರು. ಆಮೇಲೆ ಮಜ್ಜಿಗೆ ಕೇಳಿದರು. ರೈಲ್ವೆಯವನ ಹೆಂಡತಿ ರೈಲ್ವೆಯವನಿಗೆ ಹೇಳಬಾರದ ಸುಳ್ಳು ಅದು. ಅವರು ನಂಬಿದರೋ, ನಂಬಿದ ಹಾಗೆ ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಹಾಸಿಗೆಯ ಕೆಳಗಿದ್ದ ನನಗೆ ಮುಖ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ.

ನಾಲ್ಕು ದಿನದ ಮೇಲೆ ಒಂದು ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ, ಸರ್ವಮಂಗಳಮ್ಮ ಮಗಳ ನೋಟ್‌ಪುಸ್ತಕದಿಂದ ಎರಡು ಜೋಡಿ ಹಾಳೆ ಕಿತ್ತುಕೊಂಡರು. ಮೇಲೆ ಬರೆದರು: ಹದಿನೇಳನೇ ಕಂತು. ಅದರ ಕೆಳಗೆ, ಕಳೆದುಹೋದದ್ದರಿಂದ ನಕಲು ಮಾಡಿದ್ದು. ಎದುರಿಗೆ ನಕಲು ಮಾಡಲು ಯಾವ ಪತ್ರಿಕೆಯೂ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ.

ಅವರು ಬರೆದದ್ದು ಇಷ್ಟು. ಕುಮುದ ರೈಲಿನಲ್ಲಿ ಹೋಗುತ್ತಿದ್ದಾಳೆ. ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತದೆ. ಅದು ಅವಳು ಇಳಿಯಬೇಕಾದ ಊರಲ್ಲ. ಅವಳು ಇಳಿಯುತ್ತಾಳೆ. ಗಾಡಿ ಹೊರಟುಹೋಗುತ್ತದೆ. ಅವಳು ಸಿಮೆಂಟು ಬೆಂಚಿನ ಮೇಲೆ ಕೂತು ಒಂದು ಕಾಫಿ ಕುಡಿಯುತ್ತಾಳೆ. ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಅವಳೂ ಏನೂ ಯೋಚಿಸುವುದಿಲ್ಲ. ಮುಂದಿನ ಗಾಡಿ ಬಂದಾಗ ಹತ್ತಿಕೊಳ್ಳುತ್ತಾಳೆ.

ಮುಗಿಯಿತು. ಹದಿನೆಂಟನೇ ಕಂತು ಅಚ್ಚಿನಲ್ಲಿ ಬಂತು. ಅದರಲ್ಲಿ ಅತ್ತೆ ಕುಮುದನಿಗೆ, "ಆ ಕಾಗದ ನಿನ್ನ ಪೆಟ್ಟಿಗೆಗೆ ಹೇಗೆ ಬಂತು?" ಎಂದು ಜೋರು ಮಾಡುತ್ತಾಳೆ. ಯಾವ ಕಾಗದ? ನನ್ನಲ್ಲಿ ಅದಿಲ್ಲ. ಅತ್ತೆಗೆ ಗೊತ್ತಿತ್ತು, ಕುಮುದನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನನ್ನ ಹೊಟ್ಟೆಯೊಳಗಿನ ಸಂಗತಿ ನನಗೇ ಗೊತ್ತಿಲ್ಲದ ಹಾಗೆ ಬದುಕುವುದು ಹೇಗಿರುತ್ತದೆ ಎಂದು ಯಾರಿಗೆ ಹೇಳಲಿ.

ಮೂವತ್ತೊಂದು ಕಂತು ಮುಗಿದ ಮೇಲೆ ಸರ್ವಮಂಗಳಮ್ಮ ನನ್ನನ್ನು ಗೋಣಿ ಸೂಜಿಯಿಂದ ಹೊಲಿದರು. ಪಾರ್ಸಲ್ ಕಟ್ಟುವ ಹುರಿ, ಸೀರೆ ಡಬ್ಬದ ರಟ್ಟು, ಮೈದಾ ಅಂಟು. ಹುಳ ಬೀಳದಿರಲೆಂದು ಅಂಟಿಗೆ ಚೂರು ಮೈಲುತುತ್ತ ಹಾಕಿದ್ದರು. ಅದರ ನೀಲಿ ಕಲೆ ಈಗಲೂ ನನ್ನ ಬೆನ್ನಿನ ಮೇಲಿದೆ.

ನನ್ನನ್ನು ನಾಲ್ಕಾರು ಮನೆಯವರು ಓದಿದರು. ಕೈಬರಹ ಬಂದಾಗ ಎಲ್ಲರೂ ಬೇಗಬೇಗ ಹಾಳೆ ತಿರುಗಿಸುತ್ತಿದ್ದರು. ರುದ್ರಾಣಮ್ಮ ಮಾತ್ರ, "ಈ ಕಂತು ಸಪ್ಪೆ ಕಣೆ ಮಂಗಳ. ಏನೂ ನಡೆಯೋದೇ ಇಲ್ಲ," ಎಂದಿದ್ದರು. ಸರ್ವಮಂಗಳಮ್ಮ, "ಹೂಂ, ಸಪ್ಪೆ," ಎಂದರು. ಆಮೇಲೆ ನಾನು ಟ್ರಂಕು ಸೇರಿದೆ. ಗುರುಬಸಪ್ಪನವರು ರಿಟೈರಾಗಿ ಅದೇ ಊರಿನಲ್ಲಿ ಮನೆ ಮಾಡಿದಾಗ ಟ್ರಂಕಿನ ಜೊತೆ ಅಲ್ಲಿಗೂ ಹೋದೆ.

ನನ್ನನ್ನು ಹೊರಗೆ ತೆಗೆದವಳು ಮೃದುಲಾ. ಸರ್ವಮಂಗಳಮ್ಮನ ತಂಗಿಯ ಮಗಳು, ತುಮಕೂರಿನವಳು. ಬೇಸಿಗೆ ರಜೆಗೆ ದೊಡ್ಡಮ್ಮನ ಮನೆಗೆ ಬಂದಿದ್ದಳು. ಹದಿಮೂರು ವರ್ಷ. ಯಾರಾದರೂ ಮನೆಗೆ ಬಂದರೆ ಅಡುಗೆಮನೆಗೆ ಹೋಗಿ ನಿಲ್ಲುವ ಹುಡುಗಿ. ತನ್ನ ಹೊಕ್ಕುಳ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಅಂಗಾತ ಮಲಗಿ ಓದುತ್ತಿದ್ದಳು. ಕೆಳಗಿನಿಂದ ನನಗೆ ಅವಳ ಗಲ್ಲ, ಮೂಗಿನ ಹೊಳ್ಳೆ, ಓಡಾಡುವ ಕಣ್ಣು ಕಾಣುತ್ತಿದ್ದವು. ಹದಿನೇಳನೇ ಕಂತಿಗೆ ಬಂದಾಗ ಕಣ್ಣು ನಿಂತಿತು. ಓದಿದಳು, ಮತ್ತೆ ಓದಿದಳು. ಹದಿನೆಂಟನೆಯದಕ್ಕೆ ಹೋದವಳು ವಾಪಸು ಬಂದಳು. ಆ ರಜೆಯಲ್ಲಿ ಉಳಿದ ಕಥೆಯನ್ನು ಒಂದು ಸಲ, ಆ ನಾಲ್ಕು ಹಾಳೆಗಳನ್ನು ಎಷ್ಟು ಸಲವೋ. ತನ್ನ ಡೈರಿಯಲ್ಲಿ ಏನೋ ಬರೆದುಕೊಂಡಳು. ಏನೆಂದು ನನಗೆ ತೋರಿಸಲಿಲ್ಲ.

ನನಗೆ ಸಂತೋಷವಾಗಬೇಕೋ ಬೇಸರವಾಗಬೇಕೋ ತಿಳಿಯಲಿಲ್ಲ. ನನ್ನ ಮೂವತ್ತು ಕಂತುಗಳು ನಿಜವಾದವು, ಅವು ಅವಳಿಗೆ ಬೇಕಾಗಲಿಲ್ಲ. ನನ್ನದಲ್ಲದ ಒಂದನ್ನೇ ಅವಳು ನಾನು ಎಂದುಕೊಂಡಳು.

ಹನ್ನೊಂದು ವರ್ಷ ಕಳೆಯಿತು. ಮೊನ್ನೆ ಸಂಕ್ರಾಂತಿಗೆ ಎರಡು ದಿನ ಇದೆ ಎನ್ನುವಾಗ ಮೃದುಲಾ ಬಂದಳು. ಬಿ.ಎ. ಮುಗಿಸಿ, ಲೈಬ್ರರಿಯ ಕೋರ್ಸನ್ನೂ ಮುಗಿಸಿದ್ದಾಳಂತೆ. ಟ್ರಂಕಿನ ಒಳಗಿನಿಂದಲೇ ಅವಳ ದನಿ ಗುರುತು ಹಿಡಿದೆ.

"ದೊಡ್ಡಮ್ಮ, ಆ ಹೊಲಿದ ಪುಸ್ತಕ ಇನ್ನೂ ಇದೆಯಾ? ಕುಮುದಂದು."

"ಅಯ್ಯೋ, ಯಾವ ಕಾಲದ್ದೇ ಅದು. ಹುಳ ತಿಂದಿರುತ್ತೆ ಬಿಡು."

ನಾನು ಎಲ್ಲಿದ್ದೇನೆ ಎಂದು ಸರ್ವಮಂಗಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೃದುಲಾ ತಾನೇ ಟ್ರಂಕು ತೆಗೆದಳು. ನನ್ನನ್ನು ತಂದು ಹಿತ್ತಲ ಕಡೆಯ ಜಗಲಿಯಲ್ಲಿ, ದೊಡ್ಡಮ್ಮನ ಪಕ್ಕ ಕೂತಳು. ಅವರು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಗುರುಬಸಪ್ಪನವರು ಪೇಟೆಗೆ ಕಬ್ಬು ತರಲು ಹೋಗಿದ್ದರು. ಮೃದುಲಾ ನನ್ನನ್ನು ತೆರೆಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡಳು.

"ಒಂದು ಸ್ಕೂಲಲ್ಲಿ ಲೈಬ್ರರಿ ಕೆಲಸಕ್ಕೆ ಇಂಟರ್‌ವ್ಯೂ ಇತ್ತು," ಎಂದಳು. "ಹೈಸ್ಕೂಲಲ್ಲಿದ್ದಾಗ ಓದಿದ ಪುಸ್ತಕದಲ್ಲಿ ಮನಸ್ಸಲ್ಲಿ ಉಳಿದಿದ್ದು ಹೇಳಿ ಅಂದ್ರು. ನಾನು ಇದನ್ನೇ ಹೇಳಿದೆ. ಕುಮುದ ರೈಲಿಳಿದು ಕೂತ್ಕೊಳೋದು. ನಂಗೆ ಅಷ್ಟು ಹೊತ್ತು ಮಾತಾಡಕ್ಕೆ ಬರುತ್ತೆ ಅಂತ ನಂಗೇ ಗೊತ್ತಿರಲಿಲ್ಲ ದೊಡ್ಡಮ್ಮ. ಅಲ್ಲೊಬ್ರು ಮೇಡಂ ಈ ಕಥೆ ಆಮೇಲೆ ಕಾದಂಬರಿಯಾಗಿ ಬಂದಿದ್ದನ್ನ ಓದಿದ್ರು. ಅಂಥ ಸೀನೇ ಇಲ್ವಲ್ಲಮ್ಮ ಅಂದ್ರು."

"ಅವರಿಗೆ ಮರೆತಿರಬೇಕು."

"ನಂಗೂ ಹಾಗೇ ಅನಿಸ್ತು, ಇದೆ ಮೇಡಂ ಅಂದೆ. ಅವರು ನಗಲಿಲ್ಲ. ನಕ್ಕಿದ್ರೆ ಪರವಾಗಿರಲಿಲ್ಲ. ಓದದೇ ಇರೋದನ್ನ ಓದಿದೀನಿ ಅನ್ನಬಾರದು, ಅದೂ ಲೈಬ್ರರಿ ಕೆಲಸಕ್ಕೆ ಬಂದೋರು ಅಂದ್ರು. ಮೆತ್ತಗೇ ಅಂದ್ರು."

"ನೀನೇನಂದೆ?"

"ಅಲ್ಲಿಟ್ಟಿದ್ದ ನೀರು ಕುಡಿದು ಬಂದೆ."

ಅವರೆಕಾಳು ಪಚಕ್ಕೆಂದು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬಿತ್ತು.

"ಆ ಕಾದಂಬರಿ ಹುಡುಕಿ ತಂದು ಓದಿದೆ," ಎಂದಳು ಮೃದುಲಾ. "ಅವರು ಹೇಳಿದ್ದೇ ಸರಿ. ಸ್ಟೇಷನ್ನೂ ಇಲ್ಲ, ಬೆಂಚೂ ಇಲ್ಲ. ಆ ಜಾಗದಲ್ಲಿ ಕುಮುದಂಗೆ ಅಣ್ಣನಿಂದ ಒಂದು ಕಾಗದ ಬರುತ್ತೆ ಅಷ್ಟೆ. ದೊಡ್ಡಮ್ಮ, ಕಾಲೇಜಿಗೆ ಹೋಗ್ತಿದ್ದಾಗ ತುಂಬ ಸಲ ನಾನು ಒಂದು ಸ್ಟಾಪ್ ಮುಂಚೆ ಇಳಿದು ಸುಮ್ಮನೆ ಕೂತಿರ್ತಿದ್ದೆ. ಕುಮುದನ ಹಾಗೆ. ಅದೆಲ್ಲ ನಾನೇ ಕಟ್ಕೊಂಡಿದ್ದಾ? ಇದನ್ನ ತೆಗೆದು ನೋಡಕ್ಕೆ ಭಯ ಆಗ್ತಿದೆ."

ಸರ್ವಮಂಗಳಮ್ಮನ ಬೆರಳು ನಿಂತವು. ನನಗೆ ಅವರ ಮುಖ ಕಾಣಿಸಿತು. ಆ ಮುಖಕ್ಕೆ ಏನೆಂದು ಹೆಸರಿಡಬೇಕೋ ತಿಳಿಯದು. "ಒಂದು ಸ್ಟಾಪ್ ಮುಂಚೆನಾ?" ಎಂದರು.

"ಹೂಂ."

"ತೆಗಿ. ನೋಡು."

ಮೃದುಲಾ ತೆಗೆದಳು. ನಾನು ಯಾವಾಗಲೂ ಅಲ್ಲೇ ತೆರೆದುಕೊಳ್ಳುತ್ತೇನೆ. ಅವಳ ಕಣ್ಣು ನೀಲಿ ಅಕ್ಷರಗಳ ಮೇಲೆ ಓಡಿತು. "ಇದೆ," ಎಂದಳು. ಉಸಿರು ಬಿಟ್ಟಳು. ಆಮೇಲೆ ಮೇಲಿನ ಸಾಲು ಓದಿದಳು. "ಇದನ್ನ ನೀವು ಎಲ್ಲಿಂದ ನಕಲು ಮಾಡಿದ್ರಿ?"

"ರುದ್ರಾಣಮ್ಮನ ಮನೇಲಿತ್ತು ಆ ಸಂಚಿಕೆ." ಮಾತು ಸಲೀಸಾಗಿ ಬಂತು. "ಪತ್ರಿಕೇಲಿ ಒಂಥರ ಬರುತ್ತೆ. ಪುಸ್ತಕ ಮಾಡುವಾಗ ಬದಲಾಯಿಸಿಬಿಡ್ತಾರೆ."

ಅದು ಸಾಕಾಗುವಂಥ ಉತ್ತರವೇ. ಮೃದುಲಾಳ ಮುಖ ಅರಳಿತು. "ಹಾಗಾದ್ರೆ ಫೋಟೋ ತೆಗೀತೀನಿ. ಆ ಮೇಡಂಗೆ ಕಳಿಸ್ತೀನಿ. ಕೆಲಸ ಕೊಡದಿದ್ರೂ ಬೇಡ, ನಾನು ಸುಳ್ಳು ಹೇಳಲಿಲ್ಲ ಅಂತ ಗೊತ್ತಾಗ್ಲಿ."

ಮೃದುಲಾ ಫೋನ್ ಎತ್ತಿ ಹಿಡಿದಳು. ನಾನು ನಡುಗಿದೆನೋ, ಗಾಳಿಗೆ ಹಾಳೆ ಅಲುಗಿತೋ. ಫೋನ್ ಹಾಗೇ ಇಳಿಯಿತು. ಅವಳು ಮೊದಲಿನಿಂದ ಮತ್ತೆ ಓದಿದಳು, ಈ ಸಲ ಬೆರಳಿಟ್ಟು, ನಿಧಾನವಾಗಿ.

"ನಾಯಿ ಎಲ್ಲಿ?"

"ಯಾವ ನಾಯಿ?"

"ಬೆಂಚಿನ ಕೆಳಗೆ ಒಂದು ನಾಯಿ ಮಲಗಿರುತ್ತಲ್ಲ. ಕುಮುದನ ಕಾಲಿಗೆ ಬೆನ್ನು ತಾಗಿಸ್ಕೊಂಡು. ಇಂಟರ್‌ವ್ಯೂನಲ್ಲಿ ಅದನ್ನೇ ನಾನು ಜಾಸ್ತಿ ಹೇಳಿದ್ದು." ಹಾಳೆ ತಿರುಗಿಸಿದಳು, ವಾಪಸು ತಿರುಗಿಸಿದಳು. "ಇಲ್ಲ. ಇಲ್ಲೂ ಇಲ್ಲ. ಹಾಗಾದ್ರೆ ಅದನ್ನ ನಾನೇ ಸೇರಿಸಿದ್ದು. ಮೇಡಂ ಅಂದಿದ್ದು ನಿಜ. ನಂಗೆ ಓದಿದ್ದು ಯಾವುದು, ಕಟ್ಟಿದ್ದು ಯಾವುದು ಗೊತ್ತೇ ಆಗಲ್ಲ."

ಅವಳು ಅಳಲಿಲ್ಲ. ನನ್ನನ್ನು ಮುಚ್ಚಿ, ರಟ್ಟಿನ ಮೇಲೆ ಅಂಗೈ ಇಟ್ಟಳು. ಮುಂದೆ ಯಾವ ಪುಸ್ತಕವನ್ನೂ ಅವಳು ನಂಬಿಕೆಯಿಂದ ಎತ್ತಿಕೊಳ್ಳಲಾರಳು ಎಂದು ಆ ಅಂಗೈಯ ಭಾರದಲ್ಲಿ ನನಗೆ ಗೊತ್ತಾಯಿತು. ನನಗೆ ಬಾಯಿ ಇಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆ? ನನ್ನಲ್ಲಿ ನಾಯಿ ಇರಲಿಲ್ಲ.

ಸರ್ವಮಂಗಳಮ್ಮ ಒಂದಿಷ್ಟು ಅವರೆಕಾಳು ಹಿತುಕಿದರು. ಹಿತ್ತಲ ಗೇಟಿನ ಕಡೆ ಒಮ್ಮೆ ನೋಡಿದರು. ಯಾರೂ ಬರುತ್ತಿರಲಿಲ್ಲ.

"ಇತ್ತು," ಎಂದರು.

"ಏನು?"

"ನಾಯಿ. ಇತ್ತು. ಬರೆಯೋದು ಬಿಟ್ಟೋಯ್ತು."

ಮೃದುಲಾ ಅವರತ್ತ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋದೀತು ಎಂದು ಅವಳಿಗೆ ಅನಿಸಿರಬೇಕು. ಹಿತ್ತಲ ಕಡೆ ನೋಡುತ್ತಲೇ ಕೇಳಿದಳು. "ಕಂದು ಬಣ್ಣದ್ದಲ್ವಾ?"

"ಇಲ್ಲ ಕಣೆ. ಕರೀದು. ಬೆಂಚಿನ ಕೆಳಗೂ ಅಲ್ಲ, ನಲ್ಲಿ ಹತ್ರ ಮಲಗಿತ್ತು. ನಿಂದು ಬೇರೆ ನಾಯಿ."

ಮೃದುಲಾ ನಕ್ಕಳು. ಸರ್ವಮಂಗಳಮ್ಮನೂ ನಕ್ಕರು. ಫೋನನ್ನು ಮೃದುಲಾ ಬೋರಲು ಹಾಕಿ ದೂರ ಇಟ್ಟಳು. ಒಂದು ಹಿಡಿ ಅವರೆಕಾಳು ತೆಗೆದುಕೊಂಡು ತಾನೂ ಹಿತುಕತೊಡಗಿದಳು. ಆ ಸ್ಟೇಷನ್ ಯಾವುದು, ಯಾಕೆ ಇಳಿದಿರಿ ಎಂದು ಅವಳು ಕೇಳಲಿಲ್ಲ. ಗುರುಬಸಪ್ಪನವರು ಕಬ್ಬಿನ ಜಲ್ಲೆ ಹೊತ್ತು ಗೇಟು ತಳ್ಳಿದಾಗ ಇಬ್ಬರೂ ಹಿತುಕಿದ ಬೇಳೆಗೆ ಕೊಬ್ಬರಿ ಎಷ್ಟು ಹಾಕಬೇಕೆಂಬ ಮಾತಿನಲ್ಲಿದ್ದರು.

ಫೋಟೋ ಹೋಗಲಿಲ್ಲ. ಕೆಲಸವೂ ಬೇರೆ ಯಾರಿಗೋ ಹೋಯಿತಂತೆ. ಮೃದುಲಾ ಇನ್ನೊಂದು ಕಡೆ ಅರ್ಜಿ ಹಾಕಿದ್ದಾಳೆ. ಹೋಗುವ ದಿನ ನನ್ನನ್ನು ಕೊಂಡೊಯ್ಯುತ್ತಾಳೆಂದು ಕಾದಿದ್ದೆ. ಒಯ್ಯಲಿಲ್ಲ. ಟ್ರಂಕಿಗೂ ಹಾಕಲಿಲ್ಲ. ಈಗ ನಾನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ಹಳೆಯ ಪಂಚಾಂಗಗಳ ಮೇಲೆ ಇದ್ದೇನೆ.

ಇಲ್ಲಿ ಕೂತು ಯೋಚಿಸುತ್ತೇನೆ. ಅವಳು ಓದಿದ್ದು ನನ್ನನ್ನೇ? ನನ್ನಲ್ಲಿ ಇಲ್ಲದ್ದನ್ನು ಅವಳು ಓದಿದಳು, ನನ್ನಲ್ಲಿ ಇದ್ದದ್ದು ಅವಳಿಗೆ ನೆನಪಿಲ್ಲ. ಹಾಗಿದ್ದೂ ಅವಳು ನನ್ನನ್ನೇ ಹುಡುಕಿಕೊಂಡು ಬಂದಳು. ಈ ಲೆಕ್ಕ ನನಗೆ ಬಗೆಹರಿಯುವುದಿಲ್ಲ. ಬಸ್ಸು ಹತ್ತುವ ಮುಂಚೆ ಅವಳು ಪೆನ್ನು ಹಿಡಿದು ಬಂದು, "ದೊಡ್ಡಮ್ಮ, ನಾಯಿ ಬರೀಲಾ ಇದರಲ್ಲಿ?" ಎಂದು ಕೇಳಿದ್ದಳು.

"ಬೇಡ ಬಿಡು. ಜಾಗ ಎಲ್ಲಿದೆ," ಎಂದಿದ್ದರು ಸರ್ವಮಂಗಳಮ್ಮ.

ಜಾಗ ಇತ್ತು. ನಾಲ್ಕನೇ ಹಾಳೆಯ ಕೆಳಗೆ ಐದು ಗೆರೆ ಖಾಲಿ. ಅವು ಈಗಲೂ ಖಾಲಿಯಾಗಿಯೇ ಇವೆ.