ವಾಲ್ವಿನೊಳಗಿನ ಭಂಡಾರ

ಗಲಗಲಿಯ ಹತ್ತಿರ ಕೃಷ್ಣೆಗೆ ಯಾರಾದರೂ ಬಿದ್ದು ಸಿಗದೇ ಹೋದರೆ ಜನ ಮೊದಲು ಓಡಿ ಬರುತ್ತಿದ್ದುದು ಮಾಯವ್ವನ ಮನೆಗೆ. ಗಂಡ ಅಮಸಿದ್ದಪ್ಪ ಕುರಿಗಳ ಮೈ ತೊಳೆಯುತ್ತ ಈಜು ಕಲಿತವನು. ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಹೋಗುತ್ತಿದ್ದ. ಹದಿನೈದು ವರ್ಷದಲ್ಲಿ ಇಪ್ಪತ್ತಾರು ಹೆಣ ತೆಗೆದಿದ್ದ. ಮೂವರನ್ನು ಜೀವಂತ ತಂದಿದ್ದ.

ನೆರೆ ಬಂದ ವರ್ಷ ಯಾವುದೋ ಸಂಘದವರು ಅವನಿಗೆ ಸ್ಕೂಬಾ ಸೆಟ್ಟು ಕೊಟ್ಟು, ಬಳಸುವುದನ್ನು ಮೂರು ದಿನ ಕಲಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರು. ಬಾಯಿಗೆ ರೆಗ್ಯುಲೇಟರು, ಸಿಲಿಂಡರಿನ ಗಾಳಿಯನ್ನು ತನ್ನ ವಾಲ್ವುಗಳಿಂದ ಉಸಿರಾಡಲು ತಕ್ಕಂತೆ ಬಿಡುವುದು ಅದೇ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಬೇಕು ಎಂದರು. ಯಾರಿಂದ ಎಂದು ಹೇಳಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಸುತ್ತಿದರೂ ಪಂಪು, ಟ್ರ್ಯಾಕ್ಟರು, ಮಗ್ಗ ರಿಪೇರಿಯವರು ಸಿಕ್ಕರೇ ಹೊರತು ಇದನ್ನು ಬಲ್ಲವರು ಸಿಗಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಕಬ್ಬಿನ ಟ್ರ್ಯಾಕ್ಟರಿನೊಂದಿಗೆ ನದಿಗೆ ಉರುಳಿದವನನ್ನು ಹುಡುಕಲು ಇಳಿದ ಅಮಸಿದ್ದಪ್ಪ ಮೇಲೆ ಬರಲಿಲ್ಲ. ಮರುದಿನ ಇಬ್ಬರ ಹೆಣಗಳೂ ದಡಕ್ಕೆ ಬಂದವು. ಪೊಲೀಸರು ಮರಳಿಸಿದ ಸೆಟ್ಟನ್ನು ಮಾಯವ್ವ ಗೂಟಕ್ಕೆ ತೂಗುಹಾಕಿದಳು.

ಈಗ ಮಗಳು ಮಾಲಾ ಐಟಿಐನಲ್ಲಿ ಫಿಟ್ಟರ್ ಮುಗಿಸಿ, ಅದೇ ಸಾಮಾನು ರಿಪೇರಿ ಕಲಿಯಲು ಕಡಲ ಕಡೆ ಹೊರಟಿದ್ದಳು. ಒಪ್ಪಿಸಲು ಅವಳ ಶಿಕ್ಷಕಿ ರಾಜಶ್ರೀ ಮನೆಗೆ ಬಂದಿದ್ದರು.

"ಗಂಡನ್ನ ನುಂಗಿದ್ದ ಸಾಲಲಿಲ್ಲೇನ್ರಿ ಮೇಡಮ್ಮರ? ಮಗಳ್ನೂ ಅದರ ಕೈಯಾಗ ಕೊಡ್ಲ್ಯಾ?"

"ಮಾಯಕ್ಕ, ಆಕಿ ನೀರಿಗಿ ಇಳಿಯಾಂಗಿಲ್ಲ. ಮೇಜಿನ ಮುಂದ ಕುಂತು ರಿಪೇರಿ ಮಾಡ್ತಾಳ."

"ಸಮುದ್ರದಾಗ ಮೋಜಿಗೆ ಮುಳುಗೋರ ಸಾಮಾನ ತಿಕ್ಕಾಕ ನಮ್ಮ ಹುಡುಗೀನ ಬೇಕೇನು? ಇಲ್ಲೇ ಕುರಿ ಕಾಯ್ಲಿ. ಕುರೀಗಿ ವಾಲ್ವ ಇರಾಂಗಿಲ್ಲ."

"ಕುರೀಗೂ ಉಸರ ಬೇಕಬೇ ಯವ್ವಾ," ಎಂದಳು ಮಾಲಾ.

"ನೀ ಬಾಯಿ ಮುಚ್ಚಲೇ."

ರಾಜಶ್ರೀ ಬಣ್ಣ ಹಚ್ಚಿ ಹೇಳುವವರಲ್ಲ. "ಈ ಕೆಲಸ ಊರಿಗೊಂದ ಇರಾಂಗಿಲ್ರಿ. ಮೊದಲ ಪಗಾರ ಕಡಿಮಿ. ಒಂದೊಂದ ಕಂಪನಿ ತನ್ನ ಸಾಮಾನಿಗೆ ತಾನ ತರಬೇತಿ ಕೊಡ್ತೈತಿ, ಒಂದ ಕಲ್ತರ ಎಲ್ಲಾ ಬಂತು ಅಂತಲ್ಲ. ಆದ್ರ ಕಲ್ತವ್ರು ಭಾಳ ಕಡಿಮಿ ಅದಾರ. ಮಳಿಗಾಲದಾಗ ಸಮುದ್ರಕ್ಕ ಇಳಿಯೂದು ನಿಲ್ತೈತಲ್ಲ, ಆವಾಗ ಸಾಮಾನೆಲ್ಲಾ ಬಿಚ್ಚಿ ರಿಪೇರಿ ಮಾಡ್ತಾರ. ಬೆಂಕಿ ಆರಿಸೋರು ಹೊಗಿಯಾಗ ಹೋಗುಮುಂದ ಹಾಕ್ಕೊಳ್ಳೂ ಉಸಿರಿನ ಸೆಟ್ಟೂ ಹೆಚ್ಚುಕಡಿಮಿ ಹಿಂಗ ಇರ್ತೈತಿ. ಅದರ ತರಬೇತೀನೂ ತೊಗೊಂಡ್ರ ಫ್ಯಾಕ್ಟರ್‍ಯಾಗೂ ಕೆಲಸ ಐತಿ."

ಮಾಯವ್ವ ಗೂಟದ ಕಡೆ ನೋಡಿದಳು. "ರಿಪೇರಿ ಏನ ಮಾಡ್ತೈತ್ರಿ? ದಸರಾದ ಖಂಡೇಪೂಜ್ಯಾಗ ನಾನ ಕೈಯಾರೆ ಇದಕ್ಕ ಭಂಡಾರ, ದೇವರ ಅರಿಷಿಣಪುಡಿ, ಹಾಕಿದ್ದೆ. ಬೀರಪ್ಪ ಒಳಗಿದ್ದು ಕಾಯ್ಲಿ ಅಂತ ಬಾಯಾಗ ಹಿಡಿಯೂ ತೂತಿನಾಗೂ ಒಂದ ಚಿಟಿಕಿ ಹಾಕಿದೆ. ದೇವ್ರ ಕಾಯಲಿಲ್ಲ, ನಿಮ್ಮ ನಟ್ಟು ತಿರುವೂ ಪಾನಾ ಕಾಯ್ತೈತೇನು?"

ಮಾಲಾ ತಲೆ ತಗ್ಗಿಸಿದಳು. ರಾಜಶ್ರೀ ಅವಳ ಕಡೆ ನೋಡಿದರು.

"ಯಾಕ? ಇಬ್ರೂ ಬಾಯಿ ಯಾಕ ಮುಚ್ಚಿದ್ರಿ?"

ಮಾಲಾ ಒಂದೊಂದಾಗಿ ಹೇಳಿದಳು. ಹೋದ ತಿಂಗಳು ಈ ಕೆಲಸದ ಸಂದರ್ಶನಕ್ಕೆ ಹೋದಾಗ ಮಾಲಾ ರೆಗ್ಯುಲೇಟರನ್ನು ತಾಯಿಗೆ ಕಾಣದಂತೆ ಒಯ್ದಿದ್ದಳು. ಅಲ್ಲಿಯ ರಿಪೇರಿಯವರು ಬಿಚ್ಚಿ ತೋರಿಸಿದ್ದರು. ಬಿಟ್ಟ ಉಸಿರು ಹೊರಹೋಗಲು ತೆಳ್ಳಗಿನ ರಬ್ಬರಿನ ವಾಲ್ವ್ ಇರುತ್ತದೆ. ಅದರ ಅಂಚಿಗೆ ಕಾಳಿನಷ್ಟು ಕಸ ಕೂತರೂ ಪೂರ್ತಿ ಮುಚ್ಚುವುದಿಲ್ಲ. ಉಸಿರು ಎಳೆದಾಗ ನೀರು ಒಳಗೆ ಬರುತ್ತದೆ. ಈ ವಾಲ್ವಿನ ಅಂಚಿನಲ್ಲಿ ಹಳದಿ ಪುಡಿ ಗಟ್ಟಿಯಾಗಿ ಅಂಟಿತ್ತು. ಮಾಲಾ ಅದನ್ನು ತೆಗೆಯದೆ, ಶಿಕ್ಷಕಿಯೊಬ್ಬರನ್ನು ಬಿಟ್ಟು ಯಾರಿಗೂ ಹೇಳದೆ, ಹಾಗೇ ತಂದು ಗೂಟಕ್ಕೆ ಹಾಕಿದ್ದಳು.

ಮಾಯವ್ವ ಎದ್ದು ಸೆಟ್ಟನ್ನು ಇಳಿಸಿದಳು. "ತೋರ್ಸು."

"ಸಿಲಿಂಡರ ಬಂದ್ ಐತಿ ಯವ್ವಾ. ಬಾಯಾಗ ಹಿಡದು ಎಳಿ. ವಾಲ್ವ ಸರಿ ಇದ್ರ ಏನೂ ಬರಬಾರ್ದು."

ಮಾಯವ್ವ ಎಳೆದಳು. ಗಾಳಿ ಸಲೀಸಾಗಿ ಬಂತು, ಅರಿಷಿಣದ ವಾಸನೆಯೊಂದಿಗೆ.

ಅವಳು ಅಳಲಿಲ್ಲ. ರೆಗ್ಯುಲೇಟರನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, "ಇದನ್ನ ನೋಡಾಕ ಎಷ್ಟ ಹೊತ್ತ ಬೇಕಿತ್ರಿ?"

"ಎಳದ ನೋಡಾಕ ಅರ್ಧ ನಿಮಿಷ," ಎಂದರು ರಾಜಶ್ರೀ. "ಬಿಚ್ಚಿ ಸರಿ ಮಾಡಾಕ ಕಲ್ತವರ ಕೈ ಬೇಕಿತ್ತು. ನಿಮ್ಮ ತಪ್ಪಲ್ಲ ಮಾಯಕ್ಕ, ನಿಮಗ ಯಾರೂ ಹೇಳಿರಲಿಲ್ಲ."

ಮಾಯವ್ವ ಮಗಳ ಕಡೆ ತಿರುಗಿದಳು. "ಯಾವತ್ತ ಹೋಗಬೇಕು?"

"ಸೋಮವಾರ."

"ಇದನ್ನೂ ಒಯ್ಯಿ. ಮೊದಲ ಇದನ್ನ ತೊಳಿಯೂದು ಕಲಿ."

ಓದುವವರೇ, ನಿಮ್ಮ ಊರಲ್ಲೂ ನೀರಿಗಿಳಿದು ಪರರನ್ನು ಹುಡುಕುವ ಒಬ್ಬರು ಇರಬಹುದು. ಅವರ ಸೆಟ್ಟನ್ನು ಬಿಚ್ಚಿ ನೋಡಿ ಎಷ್ಟು ದಿನವಾಯಿತೆಂದು ಇಂದೇ ಕೇಳಿ. ಪೂಜೆ ಮಾಡಿ, ಭಂಡಾರವನ್ನು ಸೆಟ್ಟು ಇಡುವ ಚೀಲದ ಹೊರಗೆ ಹಚ್ಚಿ. ಗ್ಯಾರೇಜಿನ ಗ್ರೀಸು, ಸೈಕಲ್ ಟ್ಯೂಬಿನ ತುಂಡು ರೆಗ್ಯುಲೇಟರಿನೊಳಗೆ ಹಾಕಿಸಬೇಡಿ. ಮನೆಯಲ್ಲಿ ಐಟಿಐ ಕಲಿತ ಮಗ ಮಗಳು ಈ ಕೆಲಸ ಕಲಿಯುತ್ತೇನೆ ಎಂದರೆ, ಸಂಬಳವೆಷ್ಟು, ಪ್ರಮಾಣಪತ್ರ ಯಾವ ಕಂಪನಿಯದು ಎಂದು ವಿಚಾರಿಸಿ, ಆಮೇಲೆ ಕಳಿಸಿ. ಮಾಯವ್ವನಿಗೆ ಇದನ್ನು ಮೊದಲೇ ಹೇಳುವವರು ಇರಲಿಲ್ಲ. ನಿಮಗೆ ಹೇಳಿದ್ದೇವೆ.