ಜೋಡಿ: ತಿಳಿದಿಲ್ಲ

ಕೂತು ಅಳುವವರಿಗೆ ಕೋಣೆ ತುಂಬ ಕುರ್ಚಿ ಸಾಲದು. ಗಾದೆ ಹೀಗಲ್ಲ ಎಂದು ತಗಾದೆ ತೆಗೆಯುವವರು ತೆಗೆಯಲಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ಮೆತ್ತೆ ಮೇಷ್ಟ್ರು ಆ ಹೊತ್ತಿಗೆ ಹದಿನೇಳನೆಯ ಕುರ್ಚಿಯನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ಅಟ್ಟದ ಮೆಟ್ಟಿಲಿಳಿಯುತ್ತಿದ್ದರು. ಕುರ್ಚಿಯ ನಾಲ್ಕೂ ಕಾಲು ಸೂರು ನೋಡುತ್ತಿದ್ದವು. ಕೆಳಗೆ, ಅಂಗಡಿಯ ನಡುವೆ, ಬಿಳಿಯ ಹೊದಿಕೆಯಡಿ ಅವರ ಹೆಂಡತಿ ಜೀವಮಾನದಲ್ಲೇ ಮೊದಲ ಸಲ ಯಾರ ದನಿಯನ್ನೂ ಅಣಕಿಸದೆ ಮಲಗಿದ್ದರು.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಸೋಫಾಗಳಿಗೆ ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಕುರ್ಚಿಗಳಿಗೆ ಮೆತ್ತೆ ಹೊಲಿಯುವವರು. ಐವತ್ತು ವರ್ಷ ಊರಿನ ಸೊಂಟಗಳನ್ನು ಸುಖವಾಗಿಟ್ಟದ್ದಕ್ಕೆ ಊರು ಕೊಟ್ಟ ಪದವಿ ಅದು. ಅಂಗಡಿಯ ಇನ್ನರ್ಧದಲ್ಲಿ ಹೆಂಡತಿಯ ಮೇಜು: ಮುರಿದ ಕೊಂಡಿ, ಕಳಚಿದ ಹರಳು, ಸಡಿಲವಾದ ತಿರುಪು, ಎಲ್ಲದರ ರಿಪೇರಿ ಅಲ್ಲಿ. ಆಕೆಯನ್ನು ಊರು ಒಂಟಿಯಮ್ಮ ಎನ್ನುತ್ತಿತ್ತು. ಗಟ್ಟಿಮುಟ್ಟಾದ ಗಂಡ ಪಕ್ಕದಲ್ಲೇ ಮೊಳೆ ಹೊಡೆಯುತ್ತಿರುವಾಗ ಈಕೆ ಒಂಟಿ ಹೇಗಾದರು ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಿದ್ದರು. ಆಕೆ ಕೂಡಿಡುತ್ತಿದ್ದದ್ದೆಲ್ಲ ಒಂಟಿ ಸಾಮಾನು, ಅದಕ್ಕೆ. ಆರರ ಸೆಟ್ಟಿನಲ್ಲಿ ಐದು ಮುರಿದು ಉಳಿದ ಒಂದು ಕುರ್ಚಿ. ಜೊತೆಯದು ಚರಂಡಿಗೆ ಬಿದ್ದ ಮೇಲೆ ಉಳಿದ ಒಂದು ಓಲೆ. ಒಂದೇ ಒಂದು ಕಫ್‌ಲಿಂಕು. ನೂರು ವರ್ಷದ ತೇಗದ್ದಾದರೂ ಸರಿ, ಮೊನ್ನೆ ಮೊನ್ನೆಯ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದಾದರೂ ಸರಿ. ಜೋಡಿ ತಪ್ಪಿರಬೇಕು, ಅಷ್ಟೇ. ಬೀದಿಯ ಮಕ್ಕಳು ಒಂಟಿಯನ್ನು ಎಳೆದು ಒಂಟೆ ಮಾಡಿದಾಗಲೂ ಆಕೆಗೆ ಸಿಟ್ಟು ಬರಲಿಲ್ಲ. ಕತ್ತು ಉದ್ದ ಮಾಡಿ, ಇಲ್ಲದ ಸೊಪ್ಪನ್ನು ಮೆಲುಕು ಹಾಕುತ್ತ, ಬೀದಿಯ ತುದಿಯವರೆಗೆ ಹೋಗಿ ಬಂದಿದ್ದರು.

ಪ್ರತಿ ಸಾಮಾನಿಗೂ ದಾರದಲ್ಲಿ ಒಂದು ಚೀಟಿ. ಅದರಲ್ಲಿ ಮೂರು ಸಾಲು. ಸಿಕ್ಕಿದ್ದು ಎಲ್ಲಿ, ಸ್ಥಿತಿ ಹೇಗೆ, ಜೋಡಿ ಎಲ್ಲಿ. ಮೂರನೆಯದಕ್ಕೆ ಯಾವಾಗಲೂ ಒಂದೇ ಉತ್ತರ: ತಿಳಿದಿಲ್ಲ.

ಬೆಳಿಗ್ಗೆ ಆಕೆಯ ತಂಗಿ ಪುಟ್ಟಿ ಅಟ್ಟದ ಬೀಗದಕೈಯನ್ನೂ ಒಂದು ಕಾಗದವನ್ನೂ ಮೇಷ್ಟ್ರ ಕೈಗಿಟ್ಟಿದ್ದಳು. ಪುಟ್ಟಿಗೆ ಅರವತ್ತೆರಡು ವರ್ಷ. ಹೆಸರು ಮಾತ್ರ ಬೆಳೆದಿರಲಿಲ್ಲ. ಕಾಗದದಲ್ಲಿ ಅಕ್ಕನ ಅಕ್ಷರ: ತನ್ನ ಮುಂದೆ ಯಾರೂ ನಿಂತು ಅಳಕೂಡದು, ಕಾಲುನೋವಿಗೆ ಅಳುತ್ತಿದ್ದಾರೋ ತನಗೆ ಅಳುತ್ತಿದ್ದಾರೋ ಗೊತ್ತಾಗುವುದಿಲ್ಲ, ಅವರವರ ಚೀಟಿ ಇರುವ ಕುರ್ಚಿಯಲ್ಲಿ ಅವರವರು ಕೂರಲಿ. ಕಾಯಿಲೆಯ ಕೊನೆಯ ಮೂರು ತಿಂಗಳು ತಂಗಿಯ ಭುಜ ಹಿಡಿದು ಆಕೆ ದಿನಾ ಅಟ್ಟ ಹತ್ತುತ್ತಿದ್ದದ್ದು ಯಾಕೆಂದು ಮೇಷ್ಟ್ರಿಗೆ ಈಗ ತಿಳಿಯಿತು. ಹಳೆಯ ಚೀಟಿಗಳ ಹಿಂಬದಿಯಲ್ಲಿ ಹೊಸದಾಗಿ ಬರೆದಿತ್ತು, ಯಾವ ಕುರ್ಚಿ ಯಾರಿಗೆ ಎಂದು. ಜೊತೆಗೆ ಆಯಾ ದಾರದಲ್ಲಿ ಒಂದೊಂದು ಒಂಟಿ ಒಡವೆ.

ಒಂದೊಂದು ಕುರ್ಚಿ ಹೊರುವ ಮುಂಚೆಯೂ ಅವರು ಚೀಟಿ ತಿರುಗಿಸಿ ಓದುತ್ತಿದ್ದರು. ಮೂವತ್ತೊಂದು ಕುರ್ಚಿ ಇಳಿಸಿದರು. ಮೂವತ್ತೊಂದು ಚೀಟಿ ಓದಿದರು. ಅಟ್ಟದಲ್ಲಿ ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡೊಂದೇ ಉಳಿಯಿತು. ಅದಕ್ಕೂ ಚೀಟಿ ಇರಬಹುದೇನೋ ಎಂಬಂತೆ ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು.

ಕೆಳಗಿಳಿದು ನಾದಿನಿಯನ್ನು ಮೂಲೆಗೆ ಕರೆದರು. "ಪುಟ್ಟಿ, ನಂದೆಲ್ಲಿ?"

"ಏನು ಭಾವ?"

"ನನ್ನ ಕುರ್ಚಿ. ಹಲ್ಲಿನ ಡಾಕ್ಟರಿಗಿದೆ, ಎದುರಂಗಡಿಯವನಿಗಿದೆ, ಪೇಪರ್ ಹಾಕೋನಿಗೂ ಇದೆ. ನನಗಿಲ್ಲ."

ಪುಟ್ಟಿ ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. "ಸರಿಯಾಗಿ ಹುಡುಕಿ. ಹುಡುಕೋದ್ರಲ್ಲಿ ನಿಮ್ಮನ್ನ ಮೀರಿಸೋರುಂಟಾ?"

ಆ ಮಾತು ಮೇಷ್ಟ್ರಿಗೆ ದಬ್ಬಳದಂತೆ ಚುಚ್ಚಿತು. ಮೆತ್ತೆಗೆ ಚುಚ್ಚಿದರೆ ಆಚೆ ಬದಿಗೆ ಹಾಯುತ್ತದೆ. ಇದು ಒಳಗೇ ಉಳಿಯಿತು.

*

ನಾಲ್ಕು ವರ್ಷದ ಹಿಂದಿನವರೆಗೆ ಆ ಅಟ್ಟದ ಸಾಲಿನ ನಡುವೆ ಒಂದು ಹಂಸದ ಕುರ್ಚಿ ಇತ್ತು. ಬೆತ್ತದ ಬೆನ್ನು, ಕರಿಮರದ ತೋಳು. ಎಡಗಡೆಯ ತೋಳಿನ ತುದಿ ಹಂಸದ ಕತ್ತಾಗಿ ಬಾಗಿ ಪಕ್ಕಕ್ಕೆ ತಿರುಗಿತ್ತು. ಅಲ್ಲಿ ಇನ್ನೊಂದು ಕುರ್ಚಿ ಇರಬೇಕಾಗಿತ್ತು, ಇರಲಿಲ್ಲ. ಸಂಜೆ ಅಂಗಡಿಯ ಕದ ಎಳೆದ ಮೇಲೆ ಒಂಟಿಯಮ್ಮ ಕಾಫಿ ಲೋಟ ಹಿಡಿದು ಮೇಲೆ ಹೋಗಿ ಅದರೆದುರು ನೆಲದ ಮೇಲೆ ಕೂರುತ್ತಿದ್ದರು. ಕುರ್ಚಿಯ ಮನೆಯಲ್ಲಿ ನೆಲದ ಮೇಲೆ ಯಾಕೆ ಎಂದು ಗಂಡ ಕೇಳಿದರೆ, "ಇದು ಯಾರಿಗೋ ಕಾಯ್ತಾ ಇದೆ ಕಣ್ರೀ. ಕಾಯೋರ ಮೇಲೆ ಕೂರಬಾರದು," ಎನ್ನುತ್ತಿದ್ದರು.

ಗಂಡಸಿನ ಬುದ್ಧಿ. ಕಾಯುತ್ತಿದೆ ಅಂದದ್ದಷ್ಟೇ ಮೇಷ್ಟ್ರ ಕಿವಿಗೆ ಬಿತ್ತು. ಕಾಯುವುದನ್ನು ನೋಡುವುದೇ ಆಕೆಯ ಸುಖ ಎಂಬುದು ಬೀಳಲಿಲ್ಲ. ಅಂದಿನಿಂದ ಆರು ವರ್ಷ, ಯಾರ ಮನೆಗೆ ಮೆತ್ತೆ ಹೊಲಿಯಲು ಹೋದರೂ, ಅವರು ಅಟ್ಟದ ಮೇಲಿನ ಹೊದಿಕೆ ಎತ್ತಿ ನೋಡಿದರು. ಹೋಟೆಲುಗಳ ಉಗ್ರಾಣ, ಮುಚ್ಚಿದ ಸಿನಿಮಾ ಮಂದಿರ, ಬ್ಯಾಂಕಿನ ನೆಲಮಾಳಿಗೆ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಪಿಯಾನೋ ಕಲಿಸುವ ಮುದುಕಿಯೊಬ್ಬಳ ಮನೆಯಲ್ಲಿ, ಹಳೆಯ ಪತ್ರಿಕೆಗಳ ರಾಶಿಯಡಿಯಿಂದ ಬಲಗಡೆಯ ಹಂಸ ತಲೆಯೆತ್ತಿತು. ಅದಕ್ಕೆ ಬದಲಾಗಿ ಮುದುಕಿಯ ಮನೆಯ ಹನ್ನೆರಡು ಕುರ್ಚಿಗೂ ಹೊಸ ಮೆತ್ತೆ ಹೊಲಿದುಕೊಟ್ಟರು. ಗುಟ್ಟಾಗಿ ತಂದು, ಗುಟ್ಟಾಗಿ ಪಾಲಿಶ್ ಮಾಡಿ, ಒಂದು ಸಂಜೆ ಪಕ್ಕದಲ್ಲಿಟ್ಟು, ಹೆಂಡತಿಯ ಕಣ್ಣು ಮುಚ್ಚಿ ಕರೆದೊಯ್ದರು.

ಎರಡು ಹಂಸಗಳು ಒಂದನ್ನೊಂದು ನೋಡುತ್ತಿದ್ದವು. ಒಂಟಿಯಮ್ಮ ಎರಡು ಕತ್ತುಗಳನ್ನೂ ಬೆರಳಿನಿಂದ ಸವರಿದರು. ಆಮೇಲೆ "ಎಷ್ಟು ಚೆನ್ನಾಗಿದೆ," ಅಂದರು, ಯಾರ ದನಿಯಲ್ಲೂ ಅಲ್ಲ, ತಮ್ಮದೇ ದನಿಯಲ್ಲಿ. ಮೇಷ್ಟ್ರಿಗೆ ಆಗಲೇ ಅನುಮಾನ ಬರಬೇಕಾಗಿತ್ತು.

ಆಕೆಗೊಂದು ನಿಯಮವಿತ್ತು. ಜೋಡಿ ಸಿಕ್ಕಿದ್ದು ಮನೆಯಲ್ಲಿರಕೂಡದು. ಆ ನಿಯಮದಂತೆ ಎಷ್ಟೋ ಓಲೆಗಳು ಜೋಡಿ ಕೂಡಿ ಹೊರಟುಹೋಗಿದ್ದವು. ಆರು ವರ್ಷ ಜೋಡಿ ಹುಡುಕಿದ ಮನುಷ್ಯನಿಗೆ ಅದೊಂದು ಮಾತ್ರ ನೆನಪಾಗಿರಲಿಲ್ಲ. ಮರುದಿನ ಬೆಳಿಗ್ಗೆ ಎರಡು ಹಂಸಗಳೂ ಕೈಗಾಡಿಯಲ್ಲಿ ಊರಿನ ಗ್ರಂಥಾಲಯಕ್ಕೆ ಹೋದವು. ಸಾಲಿನ ನಡುವೆ ಒಂದು ಕುರ್ಚಿಯಷ್ಟು ಜಾಗ ಹಾಗೇ ಉಳಿಯಿತು. ಸಂಜೆಯ ಕಾಫಿ ಅಂದಿನಿಂದ ಅಂಗಡಿಯಲ್ಲೇ. ಆಕೆ ಒಂದು ಮಾತೂ ಆಡಲಿಲ್ಲ, ಮೇಷ್ಟ್ರು ಒಂದು ಮಾತೂ ಕೇಳಲಿಲ್ಲ. ಹೀಗೆ ನಾಲ್ಕು ವರ್ಷ ಕಳೆದಿತ್ತು. ಕೇಳೋಣ, ಕೇಳೋಣ ಎಂದುಕೊಂಡದ್ದು ನಿನ್ನೆ ಮಧ್ಯಾಹ್ನದವರೆಗೂ ಕೇಳೋಣವಾಗಿಯೇ ಉಳಿದಿತ್ತು.

*

ಹತ್ತು ಗಂಟೆಗೆ ಜನ ಬರತೊಡಗಿದರು. ಇಸ್ತ್ರಿಯಾದ ಕಪ್ಪು ಕೋಟನ್ನು ಪುಟ್ಟಿಯೇ ಭಾವನಿಗೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದಳು. ಬಂದವರ ಕೈ ಹಿಡಿದು ಅವರವರ ಕುರ್ಚಿ ತೋರಿಸುವುದು ಮೇಷ್ಟ್ರ ಪಾಲಿನ ಕೆಲಸ.

ಹಲ್ಲಿನ ಡಾಕ್ಟರಿಗೆ ತಳ ಕುಸಿದ ಸುಖಾಸನ ಬಂದಿತ್ತು. ಚೀಟಿಯಲ್ಲಿ ಅವರದೇ ಮಾತು: "ಸ್ವಲ್ಪ ನೋಯತ್ತೆ, ಅಷ್ಟೇ." ಕೂತವರ ಮಂಡಿ ಗಲ್ಲಕ್ಕೆ ಬಂತು, ಏಳುವ ಪ್ರಶ್ನೆಯೇ ಇರಲಿಲ್ಲ. ಎದುರಂಗಡಿಯಲ್ಲಿ ಹೊಸ ಮಾದರಿಯ ಪೀಠೋಪಕರಣ ಮಾರುವ, ಬೀದಿಯೆಲ್ಲ ಪ್ಲೈವುಡ್ಡು ಎಂದೇ ಕರೆಯುವ ಗೆಳೆಯನಿಗೆ ಅಟ್ಟದಲ್ಲೇ ಅತಿ ಹಳೆಯ ತೇಗದ ಕುರ್ಚಿ: "ಇದು ನಿಜವಾದ ಮರ. ಹೆದರಬೇಡಿ, ಕಚ್ಚಲ್ಲ." ಪುಟ್ಟಿಗೆ ಗೇಣೆತ್ತರದ ಮಣೆಯಂಥದ್ದು: "ಎತ್ತರ ಸಾಲದಿದ್ದರೆ ದನಿ ಎತ್ತರಿಸು, ಅಭ್ಯಾಸ ಇದೆಯಲ್ಲ." ಓದಿದವರಿಗೆಲ್ಲ ಆ ಅಕ್ಷರದೊಳಗಿಂದ ತಮ್ಮ ದನಿಯೇ ಕೇಳಿಸುತ್ತಿತ್ತು. ಅಳಲು ಬಂದವರು ಮೊದಲು ಬೆಚ್ಚುತ್ತಿದ್ದರು, ಆಮೇಲೆ ತುಟಿ ಕಚ್ಚುತ್ತಿದ್ದರು, ಆಮೇಲೆ ಅಳುತ್ತಿದ್ದರು.

ಒಂದು ಕುರ್ಚಿಯ ಎತ್ತರ ಇನ್ನೊಂದಕ್ಕಿರಲಿಲ್ಲ. ಬಾರಿನ ಉದ್ದ ಕಾಲಿನ ಸ್ಟೂಲಿನ ಮೇಲೆ ಕುಳ್ಳಗಿನ ನರ್ಸಮ್ಮ ಸೂರಿನ ಹತ್ತಿರ ತೇಲುತ್ತಿದ್ದಳು. ಆರಡಿಯ ಪೋಸ್ಟ್‌ಮಾಸ್ಟರು ಶಿಶುವಿಹಾರದ ಕುರ್ಚಿಯಲ್ಲಿ ಮುಳುಗಿದ್ದರು. ಎಲ್ಲರೂ ತಮ್ಮ ದಾರದಲ್ಲಿ ಸಿಕ್ಕ ಒಂಟಿ ಒಡವೆಯನ್ನು ಹಾಕಿಕೊಂಡಿದ್ದರು, ಹಾಕಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಒಂದೇ ಕಿವಿಯಲ್ಲಿ ಮುತ್ತು, ಒಂದೇ ತೋಳಿನಲ್ಲಿ ಬಂಗಾರದ ಗುಂಡಿ. ಗಾಜಿನ ಬಾಗಿಲಿನಿಂದ ಬಿಸಿಲು ಒಳಗೆ ಹರಿದು, ನಾರಿನ ಧೂಳಿನಲ್ಲಿ ಕದಡಿ, ಆ ಒಂದೊಂದೇ ಹೊಳಪನ್ನು ಮುಟ್ಟಿ ಮುಂದೆ ಹೋಗುತ್ತಿತ್ತು. ಕೋಣೆ ನೀರಿನಡಿಯ ಕೋಣೆಯಂತಿತ್ತು. ಮಾತಾಡಿದರೆ ಗುಳ್ಳೆ ಏಳಬಹುದು ಎಂಬಂತೆ ಜನ ಪಿಸುಗುಟ್ಟುತ್ತಿದ್ದರು. ನಡುವೆ ಒಂಟಿಯಮ್ಮ, ಇದೆಲ್ಲ ತನ್ನ ಕನಸು, ಎಬ್ಬಿಸಬೇಡಿ ಎನ್ನುವ ಮುಖದಲ್ಲಿ ಮಲಗಿದ್ದರು.

ಮೇಷ್ಟ್ರು ನಿಂತೇ ಇದ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಮೆತ್ತೆಯಿದ್ದ ಕುರ್ಚಿಗಳಿಗೆಲ್ಲ ಅವರದೇ ಹೊಲಿಗೆ; ಯಾವುದರ ಸ್ಪ್ರಿಂಗು ಎಲ್ಲಿ ಕಿರುಗುಟ್ಟುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲರು. ಕೂರಲು ಮಾತ್ರ ಒಂದೂ ಇಲ್ಲ. ಜೊತೆಗೆ ಇನ್ನೊಂದು ಸಂಕಟ. ಯಾರಿಗಾದರೂ ಕುರ್ಚಿ ತೋರಿಸಿ ತಿರುಗಿದರೆ ಬೆನ್ನ ಹಿಂದೆ ಒಂದು ಸಣ್ಣ ಸದ್ದು, ಕೆಮ್ಮಾಗಿ ಬದಲಾದ ನಗೆ. ನೀರು ಕೊಡಲು ಬಗ್ಗಿದರೆ ಹಿಂದಿನ ಸಾಲಿನಲ್ಲಿ ಕತ್ತುಗಳು ಒಟ್ಟಿಗೆ ಚಾಚುತ್ತಿದ್ದವು. ನರ್ಸಮ್ಮ ಕರ್ಚೀಫನ್ನು ಬಾಯಿಗೆ ತುರುಕಿಕೊಂಡಿದ್ದಳು. ಕುರ್ಚಿ ಸಿಗದ ಗಂಡ ಎಂದು ಊರೇ ನಗುತ್ತಿದೆ ಎಂದುಕೊಂಡರು ಮೇಷ್ಟ್ರು.

ಪ್ಲೈವುಡ್ಡಿಗೆ ನೋಡಲಾಗಲಿಲ್ಲ. ಎದ್ದು ಬಂದು ತನ್ನ ತೇಗದ ಕುರ್ಚಿಯಲ್ಲಿ ಸ್ವಲ್ಪ ಹೊತ್ತಾದರೂ ಕೂರಿ ಎಂದು ಕೈ ಹಿಡಿದ. ಮೇಷ್ಟ್ರು ಕೈ ಬಿಡಿಸಿಕೊಂಡರು.

"ಅದು ಅವಳು ನಿಮಗೆ ಕೊಟ್ಟಿದ್ದು. ನನಗೆ ಏನು ಕೊಡಬೇಕೋ ಅದನ್ನೂ ಕೊಟ್ಟಿದ್ದಾಳೆ."

"ಏನು ಕೊಟ್ರು?"

"ಶಿಕ್ಷೆ. ಹಂಸದ ಕುರ್ಚಿಗೆ ಜೋಡಿ ತಂದೆನಲ್ಲ, ಅದಕ್ಕೆ. ನಾಲ್ಕು ವರ್ಷ ಬಾಯಿ ಬಿಟ್ಟು ಬಯ್ಯಲಿಲ್ಲ. ಬಯ್ದಿದ್ರೆ ತಡ್ಕೋತಿದ್ದೆ. ಈಗ ನಿಲ್ಲಿಸಿ ಹೋದಳು."

ಪ್ಲೈವುಡ್ಡಿನ ಕಣ್ಣು ತುಂಬಿತ್ತು, ತುಟಿ ಮಾತ್ರ ಮೇಲಕ್ಕೆ ಜಗ್ಗುತ್ತಿತ್ತು. ಎರಡರ ನಡುವೆ ಸಿಕ್ಕಿದ ಮುಖವನ್ನು ಅವನು ಪುಟ್ಟಿಯ ಕಡೆ ತಿರುಗಿಸಿದ. ಪುಟ್ಟಿ ತಲೆಯಾಡಿಸಿ ಬೇಡ ಅಂದಳು.

"ನೀವೂ ನಗ್ತೀರಾ," ಅಂದರು ಮೇಷ್ಟ್ರು ಮೆಲ್ಲಗೆ. "ನಗಿ. ಅವಳಿದ್ದ ಮನೇಲಿ ನಗಬೇಡಿ ಅನ್ನೋಕಾಗುತ್ತಾ."

ಮೂರು ಗಂಟೆಗೆ ವ್ಯಾನು ಬಂತು. ಅದರ ಚಾಲಕ ಬೇರೆ ಊರಿನವನು, ದಿನಕ್ಕೆ ಮೂರು ಮನೆಯ ದುಃಖ ನೋಡುವವನು. ಯಾವ ಮನೆಯಲ್ಲೂ ನೋಡದಂಥ ಈ ಕೂಟವನ್ನು, ಒಂಟಿ ಓಲೆಯ ಪೋಸ್ಟ್‌ಮಾಸ್ಟರನ್ನು, ತೇಲುವ ನರ್ಸನ್ನು ಬಾಗಿಲಲ್ಲೇ ನಿಂತು ನೋಡಿದ. ಹೊರಡುವ ಹೊತ್ತಾಯಿತು, ಯಜಮಾನರು ಯಾರು ಎಂದು ಕೇಳಿದ. ಮೇಷ್ಟ್ರು ಆಗ ಅವನಿಗೆ ಬೆನ್ನು ಮಾಡಿ, ಹೆಂಡತಿಯ ಹೊದಿಕೆಯ ಅಂಚು ಸರಿಮಾಡುತ್ತಿದ್ದರು. ಮೆತ್ತೆಯ ಅಂಚು ಮಡಿಸುವ ಹಾಗೆಯೇ, ಮೂಲೆಯಲ್ಲಿ ಎರಡು ಸಲ.

"ಯಜಮಾನ್ರೇ," ಅಂದ ಚಾಲಕ, "ಹೊಸ ಕೋಟಾ? ಬೆನ್ನ ಮೇಲೆ ಚೀಟಿ ಹಾಗೇ ಇದೆ. ತೆಗೆಯೋದು ಮರೆತಿದ್ದೀರಿ."

ಮೇಷ್ಟ್ರ ಕೈ ಹೊದಿಕೆಯ ಮೇಲೇ ನಿಂತಿತು.

"ಏನಂತಿದೆ?"

"ರೇಟೇನಿಲ್ಲ. ಏನೋ ಬರೆದಿದ್ದಾರೆ."

"ಓದಪ್ಪ."

ಚಾಲಕ ಹತ್ತಿರ ಬಂದು, ಚೀಟಿಯನ್ನು ಬೆಳಕಿಗೆ ಹಿಡಿದು, ಬಸ್ಸಿನ ಬೋರ್ಡು ಓದುವ ದನಿಯಲ್ಲಿ ಓದಿದ:

"ಹೊಸ ಸೇರ್ಪಡೆ. ಸಿಕ್ಕಿದ್ದು: ತಾನಾಗಿಯೇ ಬಂತು. ಸ್ಥಿತಿ: ಮೆತ್ತೆ ಮೂಲದ್ದೇ, ಬದಲಿಸಿಲ್ಲ. ಜೋಡಿ: ಹೊರಗೆ ಹೋಗಿದೆ. ಹುಡುಕಿಕೊಂಡು ಹೋಗಕೂಡದು."

ಮೇಷ್ಟ್ರು ತಿರುಗಲಿಲ್ಲ.

"ಕೊನೇದು ಇನ್ನೊಂದ್ಸಲ."

"ಹುಡುಕಿಕೊಂಡು ಹೋಗಕೂಡದು," ಅಂದ ಚಾಲಕ. "ಅದರ ಕೆಳಗೆ ಗೆರೆ ಎಳೆದಿದ್ದಾರೆ. ಎರಡು ಗೆರೆ."

"ಇಸ್ತ್ರಿ ಮಾಡಿದ ಮೇಲೆ ನಾನೇ ಸಿಕ್ಕಿಸಿದ್ದು ಭಾವ," ಅಂದಳು ಪುಟ್ಟಿ, ತನ್ನ ಗಿಡ್ಡ ಕುರ್ಚಿಯಿಂದ. ದನಿ ಎತ್ತರಿಸಲಾಗದೆ ಒಡೆದಿತ್ತು. "ಆ ಹಂಸದ ವಿಷಯಕ್ಕೆ ನಿಮ್ಮನ್ನ ಒಂದ್ಸಲ ಚೆನ್ನಾಗಿ ಆಡಿಸಬೇಕು ಅಂತ ನಾಲ್ಕು ವರ್ಷದಿಂದ ಹೊಂಚು ಹಾಕ್ತಿದ್ಲು. ಬರೆದಾದ ಮೇಲೆ ಎಷ್ಟು ನಕ್ಕಳು ಅಂದ್ರೆ, ಅಟ್ಟದಿಂದ ಇಳಿಸೋಕೆ ಅರ್ಧ ಗಂಟೆ ಬೇಕಾಯ್ತು."

ಮೇಷ್ಟ್ರ ಭುಜ ಅಲುಗಿತು. ಮತ್ತೆ ಅಲುಗಿತು. ಪುಟ್ಟಿ ಗಾಬರಿಯಾಗಿ ಎದ್ದಳು. ಡಾಕ್ಟರು ಏಳಲು ನೋಡಿ ಏಳಲಾಗದೆ ಕುರ್ಚಿಯ ಸಮೇತ ಮುಗ್ಗರಿಸಿದರು. ಅಷ್ಟರಲ್ಲಿ ಹಳೆಯ ಸೋಫಾದ ಬಟ್ಟೆ ಹರಿದು ಸ್ಪ್ರಿಂಗು ಹಾರಿದಂತೆ ಅದು ಮೇಷ್ಟ್ರ ಎದೆಯಿಂದ ಹಾರಿತು. ನಗು. ಒಂದು ಹಾರಿದ ಮೇಲೆ ಉಳಿದವು ನಿಲ್ಲುತ್ತವೆಯೇ? ಬೆಳಿಗ್ಗೆಯಿಂದ ಕೆಮ್ಮಿ ಕೆಮ್ಮಿ ಗಂಟಲು ಕೆರೆದುಕೊಂಡಿದ್ದ ಜನವೂ ಒಮ್ಮೆಗೇ ಸಡಿಲವಾಯಿತು. ತಪ್ಪು ಮನೆಗೆ ಬಂದೆನೇ ಎಂದು ಚಾಲಕ ಬಾಗಿಲಿನ ಸಂಖ್ಯೆ ನೋಡಿದ.

ಪುಟ್ಟಿ ಚೀಟಿ ಬಿಡಿಸಲು ಕೈ ಚಾಚಿದಳು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದರು. ಸಂಗ್ರಹದ ಸಾಮಾನಿನ ಚೀಟಿಯನ್ನು ಕಂಡಕಂಡವರು ಕೀಳಬಾರದು ಅಂದರು. ಅಂದದ್ದು ಒಂಟಿಯಮ್ಮನ ದನಿಯಲ್ಲಿ, ಅಚ್ಚುಕಟ್ಟಾಗಿ ಬಂತು.

ವ್ಯಾನು ಬೀದಿಯಲ್ಲಿ ನಡೆಯುವವರ ವೇಗಕ್ಕೇ ಹೊರಟಿತು. ಹಿಂದೆ ಮೇಷ್ಟ್ರು, ಅವರ ಹಿಂದೆ ಒಂದೊಂದೇ ಕಿವಿ ಹೊಳೆಯುವ ಜನ. ಕಪ್ಪು ಕೋಟಿನ ಬೆನ್ನ ಮೇಲೆ ಚೀಟಿಯನ್ನು ಹಿಡಿದಿದ್ದದ್ದು ಒಂದು ಹಸಿರು ಹರಳಿನ ಗಿಳಿ ಬ್ರೋಚು. ಅದಕ್ಕೆ ಒಂದೇ ಕಣ್ಣು. ಅಂಗಡಿಗಳ ಬಾಗಿಲಲ್ಲಿ ನಿಂತವರು ತಲೆ ತಗ್ಗಿಸಿ ಗೌರವ ತೋರಿಸಿ, ಮೆರವಣಿಗೆ ಸ್ವಲ್ಪ ಮುಂದೆ ಹೋದ ಮೇಲೆ ಚೀಟಿ ಓದಿ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅವರು ನಕ್ಕದ್ದು ಕೇಳಿದಾಗಲೆಲ್ಲ ಮುಂದಿನಿಂದ ಅದಕ್ಕಿಂತ ಜೋರಾಗಿ ಇನ್ನೊಂದು ನಗೆ ಬರುತ್ತಿತ್ತು, ಗಿಳಿ ಮೇಲಕ್ಕೆ ಕೆಳಕ್ಕೆ ಕುಣಿಯುತ್ತಿತ್ತು.